ಮುರುಗಲು ಸಿಪ್ಪೆಗೊಂದು ಸೌರ ಡ್ರೈಯರ್: ಕಟ್ಟಿದ ಕ್ರಮ, ಅಳತೆ ಮತ್ತು ಖರ್ಚು

ಕುಮಟಾ ತಾಲೂಕಿನ ನಮ್ಮ ಭಾಗದಲ್ಲಿ ಮುರುಗಲು (ಕೋಕಂ) ಹಣ್ಣು ಏಪ್ರಿಲ್ ನಡುವಿನಿಂದ ಕೆಂಪಾಗತೊಡಗಿ, ಮೇ ತಿಂಗಳ ಕೊನೆಯ ಹೊತ್ತಿಗೆ ಒಮ್ಮೆಲೇ ರಾಶಿ ಉದುರುತ್ತದೆ. ಸಿಪ್ಪೆಗೆ ಬಿಸಿಲು ಬೇಕಾದ ಆ ದಿನಗಳಲ್ಲೇ ಸಂಜೆಯ ಗುಡುಗುಮಳೆಯೂ ಶುರುವಾಗುತ್ತದೆ, ಜೂನ್ ಬಂತೆಂದರೆ ಮಳೆಗಾಲವೇ ಕೂತುಬಿಡುತ್ತದೆ. ಅಂಗಳದಲ್ಲಿ ಹರಡಿದ ಸಿಪ್ಪೆ ಒಂದು ಮಳೆಗೆ ಸಿಕ್ಕಿದರೂ ಬಣ್ಣ ಮತ್ತು ಹುಳಿ ನೀರಿನೊಂದಿಗೆ ಹರಿದುಹೋಗುತ್ತವೆ. ಅದನ್ನು ಒಳಗೆ ತಂದು ಅಟ್ಟದ ಮೇಲೆ ಹರಡಿದರೆ ಬೂಸ್ಟು ಹಿಡಿಯುತ್ತದೆ. ಹೀಗೆ ವರ್ಷವೂ ಒಳ್ಳೆಯ ಹಣ್ಣು ಮರದ ಬುಡದಲ್ಲೇ ಕೊಳೆಯುವುದನ್ನು ನೋಡಲಾರದೆ, ಒಂದು ಸಲಕ್ಕೆ 5 ಕಿಲೋ ಹಸಿ ಸಿಪ್ಪೆ ಹಿಡಿಸುವ, ಕರೆಂಟಿನ ಹಂಗಿಲ್ಲದ ಡ್ರೈಯರ್ ಒಂದನ್ನು ಕಟ್ಟಿದೆ. ಅದರಲ್ಲಿ ಎರಡು ಭಾಗ: ಗಾಜು ಮುಚ್ಚಿದ ಓರೆ ಪೆಟ್ಟಿಗೆಯೊಳಗೆ ಕಪ್ಪು ತಗಡು ಗಾಳಿಯನ್ನು ಕಾಯಿಸುತ್ತದೆ, ಆ ಬಿಸಿಗಾಳಿ ಅದಕ್ಕೆ ಜೋಡಿಸಿದ ಕಪಾಟಿಗೆ ಹೋಗಿ ತಟ್ಟೆಗಳಲ್ಲಿ ಹರಡಿದ ಸಿಪ್ಪೆಯನ್ನು ಒಣಗಿಸುತ್ತದೆ. ಅದರ ಕೆಲಸವನ್ನು, ಬದಲಾಯಿಸಬೇಕಾಗಿ ಬಂದ ಭಾಗಗಳನ್ನೂ ಸೇರಿಸಿ, ನಡೆದ ಕ್ರಮದಲ್ಲೇ ಇಲ್ಲಿ ದಾಖಲಿಸಿದ್ದೇನೆ.

ಹಂತ 1: ಗಾತ್ರದ ಲೆಕ್ಕ

ಹಸಿ ಸಿಪ್ಪೆಯಲ್ಲಿ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ನೀರೇ ಇರುತ್ತದೆ. 5 ಕಿಲೋ ಸಿಪ್ಪೆ ಕೆಡದಂತೆ ಒಣಗಬೇಕಾದರೆ ಸುಮಾರು 4 ಕಿಲೋ ನೀರು ಹೊರಹೋಗಬೇಕು. 1 ಕಿಲೋ ನೀರು ಆವಿಯಾಗಲು ಸುಮಾರು 0.66 ಯೂನಿಟ್ ಶಾಖ ಬೇಕು; ಇಲ್ಲಿ ಯೂನಿಟ್ ಎಂದರೆ ಕರೆಂಟು ಬಿಲ್ಲಿನಲ್ಲಿ ಬರುವ ಅದೇ ಕಿಲೋವ್ಯಾಟ್-ಗಂಟೆ. ಅಲ್ಲಲ್ಲಿ ಮೋಡವಿರುವ ಮೇ ತಿಂಗಳ ದಿನವನ್ನು ಲೆಕ್ಕಕ್ಕೆ ಹಿಡಿದು, ಚದರ ಮೀಟರಿಗೆ ದಿನಕ್ಕೆ 5 ಯೂನಿಟ್ ಬಿಸಿಲು ಬೀಳುತ್ತದೆಂದು ಇಟ್ಟುಕೊಂಡೆ. 2 ಚದರ ಮೀಟರ್ ಗಾಜಿನ ಮೇಲೆ ಬೀಳುವ 10 ಯೂನಿಟ್‌ನಲ್ಲಿ 4 ಯೂನಿಟ್ ಗಾಳಿಯನ್ನು ಕಾಯಿಸುತ್ತದೆ, ಅದರಲ್ಲಿ ಅರ್ಧ ನಿಜವಾಗಿ ನೀರನ್ನು ಎಬ್ಬಿಸುತ್ತದೆ, ಉಳಿದದ್ದು ಬಿಸಿಗಾಳಿಯಾಗಿ ಹೊರಗೆ ಹೋಗುತ್ತದೆ ಎಂದು ಹಿಡಿದರೆ, ದಿನಕ್ಕೆ 3 ಕಿಲೋ ನೀರು ತೆಗೆಯಬಹುದು. ಅಂದರೆ ಒಂದು ತುಂಬು ಒಣಗಲು ಒಂದೂವರೆ ದಿನ, ಮೋಡ ಕವಿದರೆ ಎರಡು ದಿನ. ನಮ್ಮ ಮನೆಯ ಹಣ್ಣಿಗೆ ಇದು ಸಾಕೆನಿಸಿತು.

ಸೌರ ಎಂದ ಕೂಡಲೇ ಮೇಲೆಲ್ಲ ವಿದ್ಯುತ್ ಪ್ಯಾನೆಲ್ ಹಾಕಿ ಹೀಟರ್ ಉರಿಸಬಾರದೇಕೆ ಎಂದು ಹಲವರು ಕೇಳಿದರು. ಮಾರುಕಟ್ಟೆಯಲ್ಲಿ ಸಿಗುವ ಸಿಲಿಕಾನ್ ಪ್ಯಾನೆಲ್ ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲಿ ಒಂದು ಪಾಲಿನಷ್ಟನ್ನು ಮಾತ್ರ ವಿದ್ಯುತ್ತಾಗಿ ಕೊಡುತ್ತದೆ; ಕಪ್ಪು ಬಳಿದ ತಗಡು ಅದೇ ಜಾಗದಲ್ಲಿ ಅದರ ಎರಡರಷ್ಟು ಶಾಖವನ್ನು ಗಾಳಿಗೆ ಸೇರಿಸುತ್ತದೆ, ಅದೂ ಕಡಿಮೆ ಖರ್ಚಿನಲ್ಲಿ. ಆದ್ದರಿಂದ ಕಾಯಿಸುವ ಕೆಲಸವನ್ನು ತಗಡಿಗೂ, ಗಾಳಿಯನ್ನು ಓಡಿಸುವ ಕೆಲಸವನ್ನು ಮಾತ್ರ ಒಂದು ಸಣ್ಣ ಪ್ಯಾನೆಲಿಗೂ ಬಿಡುವುದು ಸರಿಯಾದ ಹಂಚಿಕೆ ಎಂಬುದು ನನ್ನ ಅಭಿಪ್ರಾಯ.

ಹಂತ 2: ಜಾಗ, ದಿಕ್ಕು, ಓರೆ

ಮನೆಯ ಪೂರ್ವದ ಅಂಗಳ ಮೊದಲು ಮನಸ್ಸಿನಲ್ಲಿತ್ತು. ಅಲ್ಲಿ ಎರಡು ತೆಂಗಿನಮರಗಳ ನೆರಳು ಬೆಳಿಗ್ಗೆ ಒಂಬತ್ತರವರೆಗೆ ಬೀಳುತ್ತದೆ, ಗಾಜಿನ ಮೇಲೆ ಕಾಯಿ ಬೀಳುವ ಭಯವೂ ಇದೆ. ಕೊನೆಗೆ ಅಡಿಕೆ ಒಣಗಿಸುವ ಅಂಗಳದ ಬಯಲಿನ ಮೂಲೆಯನ್ನು ಆರಿಸಿದೆ.

ಸೌರ ಫಲಕ ದಕ್ಷಿಣಕ್ಕೆ ಮುಖ ಮಾಡಿರಬೇಕು, ಊರಿನ ಅಕ್ಷಾಂಶದಷ್ಟು ಓರೆ ಇರಬೇಕು ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ವರ್ಷಪೂರ್ತಿ ದುಡಿಯುವ ಪ್ಯಾನೆಲಿಗೆ ಆ ಮಾತು ಸರಿ, ಮುರುಗಲಿಗೆ ಅಲ್ಲ. ಕುಮಟಾ ಇರುವುದು ಉತ್ತರ ಅಕ್ಷಾಂಶ ಸುಮಾರು 14.4 ಡಿಗ್ರಿಯಲ್ಲಿ. ಏಪ್ರಿಲ್ ಕೊನೆಯ ವಾರದಲ್ಲಿ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿಯುತ್ತಾನೆ, ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಬಿಸಿಲು ಉತ್ತರದಿಂದಲೇ ಬೀಳುತ್ತದೆ. ಇದನ್ನು ಕಣ್ಣಾರೆ ನೋಡಲು ಅಂಗಳದಲ್ಲಿ ಒಂದು ನೆಟ್ಟಗಿನ ಕೋಲು ನೆಟ್ಟೆ. ನಮ್ಮ ಕರಾವಳಿ ಭಾರತೀಯ ಕಾಲಮಾನದ ರೇಖೆಯಿಂದ ಸಾಕಷ್ಟು ಪಶ್ಚಿಮಕ್ಕಿರುವುದರಿಂದ ಇಲ್ಲಿ ನಿಜವಾದ ನಡುಹಗಲು ಬರುವುದು ಗಡಿಯಾರದ ಹನ್ನೆರಡಕ್ಕಲ್ಲ, ಹನ್ನೆರಡೂವರೆಯ ಹೊತ್ತಿಗೆ. ಮೇ ತಿಂಗಳ ಮೊದಲ ದಿನಗಳಲ್ಲಿ ಆ ಹೊತ್ತಿಗೆ ಕೋಲಿನ ನೆರಳು ಬುಡದಲ್ಲೇ ಅಡಗಿತ್ತು. ತಿಂಗಳು ಮುಗಿಯುವಾಗ ನೆರಳು ಸ್ಪಷ್ಟವಾಗಿ ದಕ್ಷಿಣದ ಕಡೆಗೆ ಚಾಚಿಕೊಂಡಿತ್ತು.

ಹೀಗಾಗಿ ಗಾಜಿನ ಪೆಟ್ಟಿಗೆಯನ್ನು ಉತ್ತರಕ್ಕೆ ಮುಖ ಮಾಡಿ, ಕೇವಲ 10 ಡಿಗ್ರಿ ಓರೆಯಲ್ಲಿ ಕೂರಿಸಿದೆ. ಮಳೆನೀರು ಗಾಜಿನ ಮೇಲೆ ನಿಲ್ಲದೆ ಇಳಿಯಲು ಅಷ್ಟು ಓರೆ ಸಾಕು. 2 ಮೀಟರ್ ಉದ್ದದ ಪೆಟ್ಟಿಗೆಯ ಒಂದು ತುದಿ ಇನ್ನೊಂದಕ್ಕಿಂತ 35 ಸೆಂಟಿಮೀಟರ್ ಎತ್ತರವಾಯಿತು. ತಟ್ಟೆಗಳ ಕಪಾಟು ಎತ್ತರದ ತುದಿಯಲ್ಲಿ, ಅಂದರೆ ದಕ್ಷಿಣಕ್ಕೆ ಬಂದದ್ದರಿಂದ ಅದರ ನೆರಳು ಗಾಜಿನ ಮೇಲೆ ಬೀಳುವುದಿಲ್ಲ. ಈ ಕಡಿಮೆ ಓರೆಯಿಂದ ಮುಂದೆ ಒಂದು ತೊಡಕೂ ಹುಟ್ಟಿತು. ಅದು ನಾಲ್ಕನೆಯ ಹಂತದಲ್ಲಿ ಬರುತ್ತದೆ.

ಹಂತ 3: ಪೆಟ್ಟಿಗೆ ಮತ್ತು ಕಪಾಟು

ಬಿಸಿಲು ಹಿಡಿಯುವ ಪೆಟ್ಟಿಗೆಯ ಒಳ ಅಳತೆ 2 ಮೀಟರ್ ಉದ್ದ, 1 ಮೀಟರ್ ಅಗಲ. ಬದಿಗಳಿಗೆ ಮನೆಯಲ್ಲೇ ಇದ್ದ ಹಲಸಿನ ರೀಪುಗಳು, ತಳಕ್ಕೆ ಹಳೆಯ ಅಟ್ಟದ ಹಲಗೆಗಳು. ತಳದ ಮೇಲೆ ಶಾಖ ತಡೆಯುವ ಪದರ, ಅದರ ಮೇಲೆ ತೆಳು ಜಿಐ (ಸತುವಿನ ಲೇಪವಿರುವ ಕಬ್ಬಿಣದ) ತಗಡು, ನಂತರ ಗಾಳಿ ಹರಿಯಲು 45 ಮಿಲಿಮೀಟರ್ ಸಂದು, ಅದರ ಮೇಲೆ ಕಪ್ಪು ಬಳಿದ ಸುಕ್ಕುತಗಡು, ಮತ್ತೆ 40 ಮಿಲಿಮೀಟರ್ ಬಿಟ್ಟು 4 ಮಿಲಿಮೀಟರ್ ದಪ್ಪದ ಗಾಜು. ಗಾಳಿ ಕಪ್ಪು ತಗಡಿನ ಕೆಳಗಿನಿಂದ ಹೋಗುವಂತೆ ಮಾಡಿದ್ದಕ್ಕೆ ಕಾರಣವಿದೆ: ಮುಂದೆಂದಾದರೂ ಬಣ್ಣದ ಹಕ್ಕಳೆ ಎದ್ದರೂ ಅದು ಸಿಪ್ಪೆಯ ಮೇಲೆ ಹೋಗಿ ಬೀಳಬಾರದು. ಗಾಜಿನ ತೂಕ ಚದರ ಮೀಟರಿಗೆ 10 ಕಿಲೋ ಆಗುತ್ತದೆ, ಆದ್ದರಿಂದ ಒಂದೇ ಹಾಳೆಯ ಬದಲು ಎರಡು ತುಂಡು ಮಾಡಿಸಿ, ಸುತ್ತಲೂ 3 ಮಿಲಿಮೀಟರ್ ಸಡಿಲ ಬಿಟ್ಟು ರಬ್ಬರ್ ಪಟ್ಟಿಯ ಮೇಲೆ ಕೂರಿಸಿದೆ. ಕಾದ ಗಾಜು ಹಿಗ್ಗಲು ಜಾಗವಿಲ್ಲದಿದ್ದರೆ ಮೂಲೆಯಿಂದ ಸೀಳುತ್ತದೆ.

ಶಾಖ ತಡೆಯುವ ಪದರಕ್ಕೆ ಮೊದಲು ಹಾಕಿದ್ದು 50 ಮಿಲಿಮೀಟರ್ ಥರ್ಮೋಕೋಲ್. ಗಾಜು ಕೂರಿಸಿ, ಕಪಾಟು ಇನ್ನೂ ಜೋಡಿಸದೆ, ಎರಡೂ ತುದಿ ಮುಚ್ಚಿದ್ದ ದಿನ ಒಳಗಿನ ಉಷ್ಣತಾಮಾಪಕ 97 ಡಿಗ್ರಿ ತೋರಿಸಿತು. ಗಾಳಿ ನಿಂತ ಪೆಟ್ಟಿಗೆಯಲ್ಲಿ ಶಾಖಕ್ಕೆ ಹೋಗಲು ದಾರಿಯಿರುವುದಿಲ್ಲ. ಸಂಜೆ ಹಲಗೆ ಬಿಚ್ಚಿ ನೋಡಿದಾಗ ಥರ್ಮೋಕೋಲ್ ಅಂಚಿನಿಂದ ಎರಡು ಬೆರಳು ಒಳಕ್ಕೆ ಸೇದಿಕೊಂಡು, ತಗಡಿಗೆ ತಗುಲಿದ ಕಡೆಯೆಲ್ಲ ಕರಗಿ ಗಟ್ಟಿಯಾಗಿತ್ತು. 80 ಡಿಗ್ರಿಯ ಆಸುಪಾಸಿನಲ್ಲೇ ಅದು ಮೆದುವಾಗುತ್ತದೆ, ಹಾಗಾಗಿ ಗಾಳಿಪೆಟ್ಟಿಗೆಗೆ ಅದು ಸಲ್ಲ. ಅದನ್ನು ತೆಗೆದು, ಚೆನ್ನಾಗಿ ಒಣಗಿಸಿದ ಭತ್ತದ ಉಮಿಯನ್ನು 75 ಮಿಲಿಮೀಟರ್ ದಪ್ಪಕ್ಕೆ ಒತ್ತಿ ತುಂಬಿಸಿದೆ. ಗ್ಲಾಸ್‌ವುಲ್ ಇನ್ನೂ ಒಳ್ಳೆಯ ತಡೆ, ಆದರೆ ಅದರ ನಾರಿನ ಪುಡಿ ತಿನ್ನುವ ಪದಾರ್ಥದ ಹತ್ತಿರ ಬರುವುದು ನನಗೆ ಬೇಡವಾಗಿತ್ತು.

ಕಪ್ಪು ಬಣ್ಣ ಹೊಳಪಿಲ್ಲದ್ದಾಗಿರಬೇಕು, ಶಾಖ ತಡೆಯುವಂಥದ್ದಾಗಿರಬೇಕು. ಬಳಿದ ಮೇಲೆ ಬರಿಯ ಪೆಟ್ಟಿಗೆಯನ್ನೇ ಬಿಸಿಲಿಗೆ ಬಿಟ್ಟು, ಹೊರಬರುವ ಗಾಳಿಯಲ್ಲಿ ಬಣ್ಣದ ವಾಸನೆ ಪೂರ್ತಿ ಹೋಗುವವರೆಗೆ ಕಾದೆ. ಇದಕ್ಕೆ ಅವಸರ ಮಾಡಬಾರದು. ಮುರುಗಲು ಸಿಪ್ಪೆ ಸುತ್ತಲಿನ ವಾಸನೆಯನ್ನು ಬೇಗ ಹೀರುತ್ತದೆ.

ಕಪಾಟು 12 ಮಿಲಿಮೀಟರ್ ಮರೈನ್ ಪ್ಲೈನದು (ತೇವ ತಡೆಯುವ ಪ್ಲೈವುಡ್): 1 ಮೀಟರ್ ಅಗಲ, 60 ಸೆಂಟಿಮೀಟರ್ ಆಳ, 1 ಮೀಟರ್ ಎತ್ತರ. ಒಳಗೆ 12 ಸೆಂಟಿಮೀಟರ್ ಅಂತರದಲ್ಲಿ ಆರು ತಟ್ಟೆಗಳು, ಪ್ರತಿಯೊಂದೂ 90 ಸೆಂಟಿಮೀಟರಿಗೆ 50. ಬಾಗಿಲನ್ನು ಹಿಂಬದಿಯಲ್ಲಿಟ್ಟು ಅಂಚಿಗೆ ರಬ್ಬರ್ ಪಟ್ಟಿ ಕೊಟ್ಟಿದೆ. ಪೆಟ್ಟಿಗೆ ಮತ್ತು ಕಪಾಟು ಸೇರುವ ಕಡೆ ಹಳೆಯ ಟ್ಯೂಬಿನ ರಬ್ಬರನ್ನು ಬೋಲ್ಟ್ ಹಾಕಿ ಬಿಗಿದಿದ್ದೇನೆ. ಓರೆ ಬದಲಾಯಿಸಿದರೂ ಅದು ಬಾಗಿಕೊಂಡು ಗಾಳಿಯನ್ನು ಹಿಡಿಯುತ್ತದೆ.

ತಟ್ಟೆಗೆ ಮೊದಲು ಬಿಗಿದ ಜಿಐ ಜಾಳಿಗೆ ಮುರುಗಲಿಗೆ ತಡೆಯಲಿಲ್ಲ. ಸಿಪ್ಪೆಯ ಹುಳಿ ಸತುವನ್ನು ಕರಗಿಸುತ್ತದೆ. ಒಂದೇ ದಿನದಲ್ಲಿ ಸಿಪ್ಪೆಯ ಕೆಳಮೈಯಲ್ಲಿ ಜಾಳಿಗೆಯ ಚೌಕಗಳು ಬೂದುಬಣ್ಣದಲ್ಲಿ ಅಚ್ಚೊತ್ತಿದ್ದವು, ತಂತಿಯ ಮೇಲೆ ಬಿಳಿಯ ಹುಡಿ ಎದ್ದಿತ್ತು. ಆ ಸಿಪ್ಪೆಯನ್ನು ಅಡುಗೆಗೆ ಬಳಸದೆ ಹಾಗೆಯೇ ಗೊಬ್ಬರದ ಗುಂಡಿಗೆ ಹಾಕಿದೆವು. ಅಲ್ಯುಮಿನಿಯಮ್ ಕೂಡ ಈ ಹುಳಿಗೆ ನಿಲ್ಲುವುದಿಲ್ಲ. ಈಗ ಮರದ ಚೌಕಟ್ಟಿಗೆ ಆಹಾರಕ್ಕೆ ಬಳಸಬಹುದಾದ ಎಚ್‌ಡಿಪಿಇ ಪ್ಲಾಸ್ಟಿಕ್ ಬಲೆಯನ್ನು ಬಿಗಿದಿದೆ. ತೊಳೆಯಲು ಸುಲಭ, ಕಲೆಯೂ ಇಲ್ಲ.

ಹಂತ 4: ಫ್ಯಾನ್ ಇಲ್ಲದೆ ನಡೆಸಿದ ಪರೀಕ್ಷೆ

ಬಿಸಿಗಾಳಿ ತಾನಾಗಿಯೇ ಮೇಲೇರುತ್ತದೆ, ಫ್ಯಾನ್ ಏಕೆ ಬೇಕು ಎಂಬ ಆಲೋಚನೆಯಿಂದ ಮೊದಲು ಕಪಾಟಿನ ನೆತ್ತಿಗೆ 110 ಮಿಲಿಮೀಟರ್ ಪಿವಿಸಿ ಪೈಪನ್ನು 1 ಮೀಟರ್ ಎತ್ತರಕ್ಕೆ ನಿಲ್ಲಿಸಿ ನೋಡಿದೆ. ನಡುಹಗಲಿಗೆ ಕೆಳಗಿನ ತಟ್ಟೆಯ ಬಳಿ 61 ಡಿಗ್ರಿ, ಮೇಲಿನ ತಟ್ಟೆಯ ಬಳಿ 41 ಡಿಗ್ರಿ ಇತ್ತು. ಕೆಳಗಿನ ಸಿಪ್ಪೆಯ ಅಂಚುಗಳು ಮುರುಟಿಕೊಂಡಿದ್ದವು, ಮೇಲಿನದು ಕೊಯ್ದಾಗ ಇದ್ದಂತೆಯೇ ಇತ್ತು. ಬಾಗಿಲು ತೆರೆದು ಕೈಯಿಂದ ಒಳಚಾವಣಿ ಸವರಿದರೆ ಬೆರಳು ಒದ್ದೆ. ಪ್ಲೈನ ಒಳಮೈಯಲ್ಲಿ ಸಾಲಾಗಿ ನೀರಹನಿಗಳು ತೂಗಿಕೊಂಡಿದ್ದು, ಒಂದೊಂದಾಗಿ ಮೇಲಿನ ತಟ್ಟೆಗೇ ತೊಟ್ಟಿಕ್ಕುತ್ತಿದ್ದವು. ಗಾಳಿ ಬರುವ ಕಿಂಡಿಯ ಮುಂದೆ ಊದುಬತ್ತಿ ಹಿಡಿದರೆ ಹೊಗೆ ಒಳಕ್ಕೆ ಸ್ವಲ್ಪ ಬಾಗಿ, ಮತ್ತೆ ನೆಟ್ಟಗಾಗಿ, ಕೆಲವೊಮ್ಮೆ ಹೊರಕ್ಕೇ ಬರುತ್ತಿತ್ತು.

ಕಾರಣ ಓರೆಯಲ್ಲಿತ್ತು. ಕಡಿದಾಗಿ ನಿಲ್ಲಿಸಿದ ಪೆಟ್ಟಿಗೆಯಲ್ಲಿ ಬಿಸಿಗಾಳಿ ತಾನಾಗಿ ಏರಿ ಹೊಸ ಗಾಳಿಯನ್ನು ಎಳೆದುಕೊಳ್ಳುತ್ತದೆ. 35 ಸೆಂಟಿಮೀಟರ್ ಮಾತ್ರ ಏರಿರುವ ನಮ್ಮ ಪೆಟ್ಟಿಗೆಗೆ ಆ ಬಲವಿಲ್ಲ. ಮೇ ತಿಂಗಳ ಬಿಸಿಲು ಹಿಡಿಯಬೇಕಾದರೆ ಪೆಟ್ಟಿಗೆ ಹೆಚ್ಚುಕಡಿಮೆ ಮಲಗಿರಲೇಬೇಕು, ಮಲಗಿದ ಪೆಟ್ಟಿಗೆಯಲ್ಲಿ ಗಾಳಿಯನ್ನು ಯಾರಾದರೂ ತಳ್ಳಲೇಬೇಕು. ನಮ್ಮ ಅಕ್ಷಾಂಶದಲ್ಲಿ, ಈ ಋತುವಿನಲ್ಲಿ, ಫ್ಯಾನ್ ಅಲಂಕಾರವಲ್ಲ, ಯಂತ್ರದ ಅರ್ಧ ಭಾಗ ಎಂಬುದು ಈ ಪರೀಕ್ಷೆಯಿಂದ ನನಗೆ ಖಚಿತವಾಯಿತು. ಕರಾವಳಿಯ ಗಾಳಿಯೇ ಒದ್ದೆ. ಅದನ್ನು ಎಷ್ಟು ಕಾಯಿಸಿದರೂ ಹೊರಗೆ ಕಳಿಸದಿದ್ದರೆ ಕಪಾಟಿನೊಳಗೆ ಸಿಪ್ಪೆ ಬೇಯುತ್ತದೆಯೇ ಹೊರತು ಒಣಗುವುದಿಲ್ಲ.

ಹಂತ 5: ಫ್ಯಾನ್ ಮತ್ತು ಪ್ಯಾನೆಲ್

ಈ ಭಾಗಕ್ಕೆ ಎಲ್ಲಕ್ಕಿಂತ ಹೆಚ್ಚು ಸಮಯ ಹೋಯಿತು. ಬ್ಯಾಟರಿ ಬೇಡವೆಂದು ಮೊದಲೇ ತೀರ್ಮಾನಿಸಿದ್ದೆ, ಏಕೆಂದರೆ ಬಿಸಿಲು ಇದ್ದಾಗ ಮಾತ್ರ ಗಾಳಿ ಬೇಕು. ಬಿಸಿಲು ಏರಿದಂತೆ ಫ್ಯಾನ್ ಜೋರಾಗಬೇಕು, ಮೋಡ ಬಂದಾಗ ನಿಧಾನವಾಗಬೇಕು. ಪ್ಯಾನೆಲನ್ನು ನೇರವಾಗಿ ಫ್ಯಾನಿಗೆ ಜೋಡಿಸಿದರೆ ಈ ಹೊಂದಾಣಿಕೆ ಯಾವ ನಿಯಂತ್ರಕವೂ ಇಲ್ಲದೆ ಆಗುತ್ತದೆ.

ಕಂಪ್ಯೂಟರಿನಲ್ಲಿ ಬಳಸುವ 120 ಮಿಲಿಮೀಟರಿನ 12 ವೋಲ್ಟ್ ಫ್ಯಾನ್ ಒಂದನ್ನು 20 ವ್ಯಾಟ್ ಪ್ಯಾನೆಲಿಗೆ ನೇರವಾಗಿ ಜೋಡಿಸಿದಾಗ ಕೆಲವೇ ದಿನಗಳಲ್ಲಿ ಅದು ಸುಟ್ಟಿತು. ಪ್ಯಾನೆಲಿನ ಹಿಂದಿನ ಚೀಟಿಯಲ್ಲೇ ಉತ್ತರವಿದೆ: ಲೋಡ್ ಇಲ್ಲದಾಗ 21.6 ವೋಲ್ಟ್, ಪೂರ್ಣ ಲೋಡಿನಲ್ಲಿ ಸುಮಾರು 18 ವೋಲ್ಟ್. 12 ವೋಲ್ಟ್ ಬ್ಯಾಟರಿ ತುಂಬಲು ಅಷ್ಟು ಮೇಲ್ಮಟ್ಟ ಬೇಕು, ಫ್ಯಾನಿಗೆ ಅದು ಹೆಚ್ಚಾಯಿತು. ನಂತರ ನಡುವೆ ವೋಲ್ಟೇಜ್ ಇಳಿಸುವ ಸಣ್ಣ ಕನ್ವರ್ಟರ್ ಕೂರಿಸಿ 12 ವೋಲ್ಟಿಗೆ ನಿಲ್ಲಿಸಿದೆ. ನಡುಹಗಲಿಗೆ ಅದು ಸರಿಯಾಗಿತ್ತು, ಬೆಳಿಗ್ಗೆ ಮಾತ್ರ ಫ್ಯಾನ್ ಒಂದು ಸುತ್ತು ಎಳೆದು ನಿಲ್ಲುವುದು, ಮತ್ತೆ ಎಳೆಯುವುದು ನಡೆಯುತ್ತಲೇ ಇತ್ತು. ಎಳೆ ಬಿಸಿಲಿನಲ್ಲಿ ಕನ್ವರ್ಟರ್ ಹೆಚ್ಚು ಕರೆಂಟ್ ಕೇಳಿದೊಡನೆ ಪ್ಯಾನೆಲಿನ ವೋಲ್ಟೇಜ್ ಕುಸಿಯುತ್ತಿತ್ತು.

ಕೊನೆಗೆ ನೆಲೆನಿಂತ ಜೋಡಣೆ ಎಲ್ಲಕ್ಕಿಂತ ಸರಳವಾದದ್ದು. ಒಂದೇ ಮಾದರಿಯ ಎರಡು 12 ವೋಲ್ಟ್ ಫ್ಯಾನುಗಳನ್ನು ಸೀರೀಸಿನಲ್ಲಿ, ಅಂದರೆ ಒಂದರ ಹಿಂದೆ ಒಂದರಂತೆ ಜೋಡಿಸಿ, ಪ್ರತಿಯೊಂದಕ್ಕೂ ಅಡ್ಡಲಾಗಿ 1000 ಮೈಕ್ರೋಫ್ಯಾರಡ್, 25 ವೋಲ್ಟಿನ ಕೆಪ್ಯಾಸಿಟರ್ (ವಿದ್ಯುತ್ತನ್ನು ಕ್ಷಣಕಾಲ ಹಿಡಿದಿಟ್ಟು ಬಿಡುವ ಬಿಡಿಭಾಗ) ಕೊಟ್ಟೆ. ಇಂಥ ಫ್ಯಾನುಗಳು ಕರೆಂಟನ್ನು ಬಿಟ್ಟು ಬಿಟ್ಟು ಎಳೆಯುವುದರಿಂದ ಕೆಪ್ಯಾಸಿಟರ್ ಇಲ್ಲದಿದ್ದರೆ ವೋಲ್ಟೇಜ್ ಎರಡಕ್ಕೂ ಸಮನಾಗಿ ಹಂಚಿಹೋಗದಿರಬಹುದು. ಬಿಸಿಲಿಗೆ ಪ್ಯಾನೆಲ್ ಕಾದಾಗ ಅದರ ವೋಲ್ಟೇಜ್ ಪ್ರತಿ ಡಿಗ್ರಿಗೆ ಸುಮಾರು ನೂರಕ್ಕೆ 0.3ರಷ್ಟು ಇಳಿಯುತ್ತದೆ, ಮಧ್ಯಾಹ್ನ ಅಳೆದಾಗ ಒಟ್ಟು 19.2 ವೋಲ್ಟ್, ಒಂದೊಂದು ಫ್ಯಾನಿಗೆ 9.6 ಬಂತು. ಫ್ಯಾನುಗಳು ತೆಗೆದುಕೊಳ್ಳುವುದು 6 ವ್ಯಾಟ್ ಮಾತ್ರವಾದರೂ 20 ವ್ಯಾಟ್ ಪ್ಯಾನೆಲನ್ನೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಬಿಸಿಲು ಮೂರನೇ ಒಂದರಷ್ಟು ಇದ್ದಾಗಲೂ ಬೇಕಾದ 0.3 ಆಂಪಿಯರ್ ಅದರಿಂದ ಸಿಗುತ್ತದೆ. ಫ್ಯಾನ್ ಬೆಳಿಗ್ಗೆ ಬೇಗ ಏಳಬೇಕಾದರೆ ಪ್ಯಾನೆಲ್ ದೊಡ್ಡದಿರಬೇಕು.

ಫ್ಯಾನುಗಳನ್ನು ಮೊದಲು ಕಪಾಟಿನ ಹೊರಬಾಯಿಯಲ್ಲಿ ಇಟ್ಟಿದ್ದೆ. ಹುಳಿ ಬೆರೆತ ಬಿಸಿ ಹಬೆ ಸದಾ ಬೇರಿಂಗಿನ ಮೇಲೆ ಹಾಯುವುದನ್ನು ನೋಡಿ, ತಣ್ಣನೆಯ ಗಾಳಿ ಒಳಬರುವ ಕೆಳತುದಿಗೆ ಬದಲಾಯಿಸಿದೆ. ಅಲ್ಲಿ 10 ಸೆಂಟಿಮೀಟರ್ ಅಗಲದ ಖಾಲಿ ಅರೆಯೊಂದನ್ನು ಬಿಟ್ಟು, ಮುಂದೆ ಸಾಲು ತೂತುಗಳ ಹಲಗೆ ನಿಲ್ಲಿಸಿದ್ದರಿಂದ ಗಾಳಿ 1 ಮೀಟರ್ ಅಗಲಕ್ಕೂ ಹರಡಿಕೊಳ್ಳುತ್ತದೆ. ತಂತಿಯ ಗಂಟುಗಳನ್ನೆಲ್ಲ ಬೆಸುಗೆ ಹಾಕಿ, ಶಾಖಕ್ಕೆ ಕುಗ್ಗುವ ಕೊಳವೆ ಹೊದಿಸಿ, ಟರ್ಮಿನಲ್‌ಗಳಿಗೆ ವ್ಯಾಸಲೀನ್ ಸವರಿದ್ದೇನೆ. ಕಡಲ ಗಾಳಿಯಲ್ಲಿ ಸುಮ್ಮನೆ ತಿರುಚಿ ಟೇಪ್ ಸುತ್ತಿದ ತಂತಿ ಒಂದು ಮಳೆಗಾಲ ದಾಟುವುದಿಲ್ಲ. ತಿರುಪುಗಳೂ ಸ್ಟೇನ್‌ಲೆಸ್ ಸ್ಟೀಲಿನವೇ.

ಹಂತ 6: ಮೊದಲ ತುಂಬು

ಹಣ್ಣನ್ನು ಎರಡು ಹೋಳು ಮಾಡಿ, ಬೀಜವನ್ನು ಮುರುಗಲು ತುಪ್ಪಕ್ಕೆಂದು ಬೇರೆ ತೆಗೆದಿಟ್ಟು, 5 ಕಿಲೋ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಒಂದೇ ಪದರದಲ್ಲಿ ಹರಡಿದೆವು. ಊದುಬತ್ತಿಯ ಹೊಗೆ ಈ ಸಲ ಕಿಂಡಿಯೊಳಕ್ಕೆ ನೂಲೆಳೆದಂತೆ ನೆಟ್ಟಗೆ ಹೋಯಿತು.

ನಡುಹಗಲಿಗೆ ಹೊರಗಿನ ಗಾಳಿ 33 ಡಿಗ್ರಿ, ತೇವಾಂಶ ನೂರಕ್ಕೆ 65. ಪೆಟ್ಟಿಗೆ ದಾಟಿ ಕಪಾಟಿಗೆ ಬರುವಾಗ 55 ಡಿಗ್ರಿ. ಗಾಳಿಯಲ್ಲಿರುವ ನೀರು ಅಷ್ಟೇ ಇದ್ದರೂ ಕಾದ ಗಾಳಿ ಹೆಚ್ಚು ನೀರು ಹಿಡಿಯಬಲ್ಲದ್ದರಿಂದ, ಲೆಕ್ಕದ ಪ್ರಕಾರ ಅದರ ತೇವಾಂಶ ನೂರಕ್ಕೆ 21ಕ್ಕೆ ಇಳಿಯುತ್ತದೆ. ಮಾಪಕ 22 ಮತ್ತು 23ರ ನಡುವೆ ತೋರಿಸಿತು. ಉಷ್ಣತೆ 60 ದಾಟಿದರೆ ಸಿಪ್ಪೆಯ ಹೊರಮೈ ಬಿರುಸಾಗಿ ಒಳಗಿನ ನೀರು ಸಿಕ್ಕಿಬೀಳುತ್ತದೆ, ಆದ್ದರಿಂದ ಕಪಾಟಿನ ಬದಿಯಲ್ಲಿ ಒಂದು ಸಣ್ಣ ಜಾರುಕಿಂಡಿ ಇಟ್ಟು, ಬೇಕಾದಾಗ ಹೊರಗಾಳಿ ಬೆರೆಸುತ್ತೇವೆ. ಮಧ್ಯಾಹ್ನ ಒಮ್ಮೆ ಮೇಲಿನ ತಟ್ಟೆಗಳನ್ನು ಕೆಳಗೂ ಕೆಳಗಿನವನ್ನು ಮೇಲಕ್ಕೂ ಬದಲಾಯಿಸಿದೆವು.

ಮೊದಲ ದಿನದ ಸಂಜೆ ತೂಕ 2.3 ಕಿಲೋ ಇತ್ತು. ಹೊರಗೆ ನೋಡಲು ಒಣಗಿದಂತಿದ್ದರೂ ಆಯಿ ಒಂದು ಹೋಳನ್ನು ಎರಡು ಬೆರಳಲ್ಲಿ ಹಿಸುಕಿ, "ಇನ್ನೂ ಹಸಿ ಇದ್ದು" ಎಂದರು. ರಾತ್ರಿಯ ನಿರ್ವಹಣೆ ಇಲ್ಲಿ ಮುಖ್ಯ. ಫ್ಯಾನ್ ನಿಂತ ಮೇಲೆ ಕಿಂಡಿಗಳು ತೆರೆದೇ ಇದ್ದರೆ, ರಾತ್ರಿಯ ಒದ್ದೆ ಗಾಳಿ ಒಳನುಗ್ಗಿ ಸಿಪ್ಪೆ ಮತ್ತೆ ಮೆತ್ತಗಾಗುತ್ತದೆ. ಹೊರಬಾಯಿಗೆ ತೆಳುವಾದ ಪ್ಲಾಸ್ಟಿಕ್ ಹಾಳೆಯ ತೂಗುಮುಚ್ಚಳ ಹಾಕಿದ್ದೇನೆ: ಗಾಳಿ ಬೀಸುವಾಗ ಅದು ಎರಡು ಬೆರಳಷ್ಟು ಎದ್ದಿರುತ್ತದೆ, ಫ್ಯಾನ್ ನಿಂತೊಡನೆ ತಾನೇ ಬೀಳುತ್ತದೆ. ಒಳಬಾಯಿಗೆ ಮರದ ಮುಚ್ಚಳವನ್ನು ಸಂಜೆ ಐದೂವರೆಗೆ ಕೈಯಿಂದಲೇ ಹಾಕಬೇಕು.

ಮರುದಿನ ಸಂಜೆಗೆ ತೂಕ 950 ಗ್ರಾಮಿಗೆ ಬಂದು ನಿಂತಿತು. ಸಿಪ್ಪೆ ಬಾಗುತ್ತಿತ್ತು, ಅಂಟುತ್ತಿರಲಿಲ್ಲ, ಹಿಸುಕಿದರೆ ಬೆರಳು ಒದ್ದೆಯಾಗಲಿಲ್ಲ. ನೇರ ಬಿಸಿಲು ತಾಗದೆ ಕತ್ತಲೆಯ ಕಪಾಟಿನಲ್ಲಿ ಒಣಗಿದ್ದರಿಂದ ಬಣ್ಣ ಗಾಢ ಕೆಂಪಾಗಿಯೇ ಉಳಿದಿದೆ. ಅಂಗಳದಲ್ಲಿ ಒಣಗಿದ ಹಿಂದಿನ ವರ್ಷದ ಸಿಪ್ಪೆಯನ್ನು ಪಕ್ಕದಲ್ಲಿಟ್ಟರೆ ಅದು ಕಂದು. ಇದೇ ತುಂಬಿನ ಸಿಪ್ಪೆಯಿಂದ ಮಾಡಿದ ಸಾರಿಗೆ ಹಿಂದಿನಷ್ಟು ಸಿಪ್ಪೆ ಬೇಕಾಗಲಿಲ್ಲ ಎಂಬುದು ಮನೆಯವರ ಮಾತು.

ಖರ್ಚು

ಮರೈನ್ ಪ್ಲೈ ಎರಡು ಹಾಳೆಗೆ 6,200 ರೂಪಾಯಿ, ಆಚಾರಿಯವರ ಕೂಲಿ 3,000, ಗಾಜು ಮತ್ತು ರಬ್ಬರ್ ಪಟ್ಟಿ 1,900, ತಗಡುಗಳು 1,150, ಪ್ಯಾನೆಲ್ 1,350, ಎರಡು ಫ್ಯಾನ್ 560, ತಂತಿ, ಸ್ವಿಚ್ ಮತ್ತು ಕೆಪ್ಯಾಸಿಟರ್ 480, ಬಣ್ಣ 650, ಬಲೆ 540, ತಿರುಪು, ಬಿಜಾಗರಿ ಮತ್ತು ಹಿಡಿಕೆ 1,250, ಸಿಲಿಕೋನ್ ಇತ್ಯಾದಿ 420. ಒಟ್ಟು 17,500 ರೂಪಾಯಿ. ಹಲಸಿನ ಮರ, ಹಲಗೆ, ಉಮಿ ಮನೆಯವು. ಕೈಬಿಟ್ಟ ಥರ್ಮೋಕೋಲ್, ಜಿಐ ಜಾಳಿಗೆ, ಸುಟ್ಟ ಫ್ಯಾನ್ ಮತ್ತು ಕನ್ವರ್ಟರಿಗೆ ಹೋದ 1,400 ಇದರಲ್ಲಿ ಸೇರಿಲ್ಲ. ಹೊಸದಾಗಿ ಕಟ್ಟುವವರು ಖರ್ಚು ತಗ್ಗಿಸಬೇಕೆಂದರೆ ಕಪಾಟಿನ ಪ್ಲೈನಲ್ಲಿ ತಗ್ಗಿಸಬಹುದು, ಗಾಜು ಮತ್ತು ತಟ್ಟೆಯ ಬಲೆಯಲ್ಲಿ ತಗ್ಗಿಸಬಾರದು.

ಮುಂದಿನ ಕೆಲಸ

ಗಾಜು ಮತ್ತು ಪ್ಯಾನೆಲಿನ ಮೇಲೆ ಉಪ್ಪು ಬೆರೆತ ಧೂಳು ಅಂಟುತ್ತದೆ. ಬೆಳಿಗ್ಗೆ ಗಾಜು ತಣ್ಣಗಿರುವಾಗಲೇ ಬಾವಿಯ ಸಿಹಿನೀರಿನಿಂದ ಒರೆಸುತ್ತಿದ್ದೇವೆ. ಮಳೆಗಾಲಕ್ಕೆ ಇಡೀ ಡ್ರೈಯರನ್ನು ಬಿಚ್ಚಿ ಕೊಟ್ಟಿಗೆಯ ಮಾಡಿನೊಳಗೆ ಇಡಬೇಕು, ಉಮಿಯ ಪದರಕ್ಕೆ ನೀರು ಇಳಿದರೆ ಅದು ಕೊಳೆಯುತ್ತದೆ.

ನವೆಂಬರಿನಿಂದ ಜಾಪತ್ರೆ ಮತ್ತು ಕಾಳುಮೆಣಸಿಗೆ ಇದನ್ನೇ ಬಳಸುವ ಯೋಜನೆಯಿದೆ. ಡಿಸೆಂಬರಿನ ನಡುಹಗಲಿನಲ್ಲಿ ಸೂರ್ಯ ನಮ್ಮ ನೆತ್ತಿಯಿಂದ ಸುಮಾರು 38 ಡಿಗ್ರಿ ದಕ್ಷಿಣಕ್ಕಿರುತ್ತಾನೆ; ಆಗ ಇಡೀ ಜೋಡಣೆಯನ್ನು ತಿರುಗಿಸಿ, ಗಾಜು ದಕ್ಷಿಣಕ್ಕೆ ಮುಖ ಮಾಡುವಂತೆ 35 ಡಿಗ್ರಿ ಓರೆಗೆ ಏರಿಸಬೇಕು. ಎತ್ತರದ ತುದಿಗೆ ಆಗ 1.15 ಮೀಟರ್ ಆನಿಕೆ ಬೇಕಾಗುತ್ತದೆ. ಅದಕ್ಕಾಗಿ ಕಾಲುಗಳನ್ನು ಕೊಯ್ಯಿಸಿ ಅಟ್ಟದ ಮೇಲೆ ಒಣಗಲು ಇಟ್ಟಿದೆ; ಅಕ್ಟೋಬರಿನಲ್ಲಿ ಮಳೆ ನಿಂತ ಮೇಲೆ ಜೋಡಿಸಿ, ಆ ಓರೆಯಲ್ಲಿ ಫ್ಯಾನ್ ಇದ್ದಾಗ ಮತ್ತು ಇಲ್ಲದಾಗ ಉಷ್ಣತೆಯನ್ನು ಬೇರೆಬೇರೆಯಾಗಿ ಅಳೆಯಬೇಕಾಗಿದೆ.